ಹೊಸದುರ್ಗದ ಬಸ್ಸು ಮತ್ತು ನಿಮ್ಮ ತಾತನ ಕಾರ್ಡು

ಕಾವ್ಯಾ, ದರ್ಶನಾ,

ಹೋದ ಭಾನುವಾರ ಊಟಕ್ಕೆ ಕುಳಿತಾಗ ಕಾವ್ಯ ಕೇಳಿದಳು: "ಅಜ್ಜಿ, ಇಲ್ಲೇ ಹೊಳಲ್ಕೆರೆ ನರ್ಸಿಂಗ್ ಹೋಮಲ್ಲಿ ಇರ್ಲಾ, ಹಿರಿಯೂರಿನ ಕಾಂಟ್ರಾಕ್ಟ್ ಪೋಸ್ಟಿಗೆ ಹೋಗ್ಲಾ? ಅಲ್ಲಿ ಸಂಬಳ ಡಬಲ್ ಐತೆ. ದಿನಾ ಬಸ್ಸಲ್ಲಿ ಓಡಾಡಿದ್ರಾಯ್ತು." ದರ್ಶನ ತಟ್ಟೆಯ ಮುಂದೆಯೇ ಮೊಬೈಲು ತೆಗೆದು, ಬಸ್ ಚಾರ್ಜು ಕಳೆದರೂ ಲಾಭವೇ ಎಂದ. ನಾನು "ನಿನ್ನಿಷ್ಟ ಕಣವ್ವ" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅಜ್ಜಿಗೆ ಇದೆಲ್ಲ ಗೊತ್ತಾಗುವುದಿಲ್ಲ ಎಂದು ನೀವು ತಿಳಿದಿರಬಹುದು. ಗೊತ್ತಿರುವುದರಿಂದಲೇ ನಾನು ಎದ್ದು ಹೋದದ್ದು.

ಎದುರಿಗೆ ಕೂತು ಹೇಳುವುದು ನನ್ನಿಂದಾಗದು. ಊರ ಶಾಲೆಯಲ್ಲಿ ಹತ್ತನೇ ಕ್ಲಾಸು ಓದಿ, ಆಮೇಲೆ ಚಿತ್ರದುರ್ಗದಲ್ಲಿ ಒಂದೂವರೆ ವರ್ಷ ನರ್ಸ್ ತರಬೇತಿ ಮಾಡಿದವಳು ನಾನು. ತರಬೇತಿಯಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಬರೆಯುವುದಾದರೆ ಯಾರೂ ಮುಖ ನೋಡುವುದಿಲ್ಲ. ಅದಕ್ಕೇ ದರ್ಶನನ ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದಿದ್ದ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಕೆಲಸಕ್ಕಿದ್ದದ್ದು ನಮ್ಮ ಊರಿನಲ್ಲೇ, ಹಿರೇಗುಂಟನೂರಿನ ಆಚೆ. ವಯಸ್ಸಾದ ಡಾಕ್ಟರಮ್ಮ ಒಬ್ಬರು ಎರಡು ಕೋಣೆಯ ಆಸ್ಪತ್ರೆ ನಡೆಸುತ್ತಿದ್ದರು. ಆಗ ಇಂಜೆಕ್ಷನ್ ಸಿರಿಂಜು ಗಾಜಿನದು. ಬೆಳಿಗ್ಗೆ ಹೋದ ಕೂಡಲೇ ಸ್ಟವ್ ಹಚ್ಚಿ, ಸಿರಿಂಜು ಸೂಜಿಗಳನ್ನು ಕುದಿಯಲು ಇಡಬೇಕು. ಸೂಜಿ ಮೊಂಡಾದರೆ ಸಾಣೆಕಲ್ಲಿಗೆ ಉಜ್ಜಿ ಚೂಪು ಮಾಡುತ್ತಿದ್ದೆವು. ಈಗ ನೀನು ಕೇಳಿದರೆ ಮೂಗು ಮುರಿಯುತ್ತೀಯ ಕಾವ್ಯಾ, ಆದರೆ ಅಂದು ಎಲ್ಲ ಕಡೆಯೂ ಹಾಗೆಯೇ ಇತ್ತು. ಸೇರಿದ ವಾರದಲ್ಲೇ ನಾನು ಥರ್ಮಾಮೀಟರುಗಳನ್ನೂ ಸ್ವಚ್ಛವಾಗಲಿ ಎಂದು ಅದೇ ಬಿಸಿನೀರಿಗೆ ಹಾಕಿಬಿಟ್ಟೆ. ಮೂರೂ ಪಟ್‌ಪಟ್ ಎಂದು ಒಡೆದವು. ಪಾದರಸ ಪಾತ್ರೆಯ ತಳದಲ್ಲಿ ಹೊರಳಾಡುತ್ತಿತ್ತು. ಡಾಕ್ಟರಮ್ಮ ಬಂದು ನೋಡಿ, "ನಿಂಗಮ್ಮ, ಜ್ವರ ಬಂದಿದ್ದು ಪೇಶೆಂಟಿಗೋ ಥರ್ಮಾಮೀಟರಿಗೋ?" ಎಂದರು. ಸಂಬಳದಲ್ಲಿ ಹಿಡಿಯಲಿಲ್ಲ. ಹಿಡಿಯಲು ಆ ಸಂಬಳದಲ್ಲಿ ಏನೂ ಇರಲೂ ಇಲ್ಲ.

ಆದರೆ ಮನೆಗೂ ಆಸ್ಪತ್ರೆಗೂ ಐದು ನಿಮಿಷದ ದಾರಿ. ಮಧ್ಯಾಹ್ನ ಬಂದು ಮುದ್ದೆ ತಿರುವಿ, ನಿಮ್ಮ ತಾತನಿಗೆ ಇಟ್ಟು, ನಾನೂ ಉಂಡು ಮತ್ತೆ ಹೋಗುತ್ತಿದ್ದೆ. ತಾತ ಕುರಿ ಸಾಕುತ್ತಿದ್ದರು. ಹೊತ್ತೇರಿದ ಮೇಲೆ ಕುರಿ ಬಿಟ್ಟುಕೊಂಡು ಹೊರಟರೆ ಮಧ್ಯಾಹ್ನ ಹತ್ತಿರದಲ್ಲಿದ್ದರೆ ಬರುವರು, ಇಲ್ಲದಿದ್ದರೆ ಸಂಜೆಯೇ. ನಮ್ಮ ಆಸ್ಪತ್ರೆಯ ಕಿಟಕಿಯಿಂದ ಕೆರೆ ಏರಿ ಕಾಣುತ್ತಿತ್ತು. ಏರಿಯ ಮೇಲೆ ಕುರಿ ಸಾಲಾಗಿ ಹೋದರೆ, ಹಿಂದೆ ಕಂಬಳಿ ಹೊದ್ದ ತಾತ. ದಿನಕ್ಕೆ ಒಮ್ಮೆಯಾದರೂ ಕಣ್ಣಿಗೆ ಬೀಳುತ್ತಿದ್ದರು. ಅದನ್ನು ನಾನು ಯಾವತ್ತೂ ಒಂದು ಸವಲತ್ತು ಎಂದು ಎಣಿಸಿರಲಿಲ್ಲ.

ನಿಮ್ಮಮ್ಮ ಸಾವಿತ್ರಿ ಪಿ.ಯು.ಸಿ. ಮುಗಿಸಿ ದುರ್ಗದಲ್ಲಿ ಟಿ.ಸಿ.ಎಚ್. ಸೇರಬೇಕೆಂದಳು. ಮೇಷ್ಟ್ರಾಗುವ ಆಸೆ ಅವಳಿಗೆ ಚಿಕ್ಕಂದಿನಿಂದ. ಸರ್ಕಾರಿ ಸೀಟು ಸಿಗಲಿಲ್ಲ. ಖಾಸಗಿ ಕಾಲೇಜಿನ ಫೀಸು, ಹಾಸ್ಟೆಲು ಎಲ್ಲ ಸೇರಿದರೆ ನನ್ನ ಸಂಬಳಕ್ಕೆ ಎಟುಕುವ ಮಾತಾಗಿರಲಿಲ್ಲ. ಅದೇ ಹೊತ್ತಿಗೆ ಕ್ಷಯ ರೋಗಕ್ಕೆ ಸರ್ಕಾರದ ಹೊಸ ಯೋಜನೆ ಬಂದು, ಹೊಸದುರ್ಗದ ಕಡೆ ಗುತ್ತಿಗೆ ಮೇಲೆ ಆರೋಗ್ಯ ಕಾರ್ಯಕರ್ತೆಯರನ್ನು ತೆಗೆದುಕೊಳ್ಳುತ್ತಾರೆ ಎಂದು ಡಾಕ್ಟರಮ್ಮನೇ ಹೇಳಿದರು. ಹನ್ನೊಂದು ತಿಂಗಳ ಕಾಗದ, ಆಮೇಲೆ ಮುಂದುವರಿಸಿದರೆ ಉಂಟು.

ಆ ಸಂಜೆ ಕುರಿ ಹಟ್ಟಿಯಲ್ಲಿ ತಾತ ಮರಿಗೆ ಹಾಲು ಕುಡಿಸುತ್ತಿದ್ದರು. ನಾನು ವಿಷಯ ಹೇಳಿದೆ.

"ಸಂಬ್ಳ ಎಷ್ಟು ಅಂದೆ?"

"ಈಗಿನ್ದಕ್ಕಿಂತ ಮೂರು ಪಟ್ಟು. ಬಸ್ಸೂ ಮೂರು. ಇಲ್ಲಿಂದ ದುರ್ಗ, ದುರ್ಗದಿಂದ ಹೊಳಲ್ಕೆರೆ, ಅಲ್ಲಿಂದ ಹೊಸದುರ್ಗ."

"ಮೂರು ಬಸ್ಸಾ!" ಎಂದು ನಕ್ಕರು. "ಆಯ್ತಲ್ಲ, ಒಂದೊಂದು ಬಸ್ಸಿಗೆ ಒಂದೊಂದು ಪಟ್ಟು."

"ನಗಾಡಬ್ಯಾಡ್ರಿ. ಬೆಳಿಗ್ಗೆ ಐದಕ್ಕೆ ಮುಂಚೆ ಮನೆ ಬಿಡ್ಬೇಕು. ಬರೋದು ಎಷ್ಟೊತ್ತಾಗುತ್ತೋ. ನಿಮಗೆ ಮುದ್ದೆ ಯಾರು ಮಾಡ್ತಾರೆ?"

"ಕುರಿ ಹಿಂದೆ ವಾರಗಟ್ಲೆ ಹೋದಾಗ ಮೂರು ಕಲ್ಲು ಹೂಡಿ ಬೇಯಿಸ್ಕಂಡು ತಿಂದೋನು ನಾನು. ಮುದ್ದೆಗೆ ಹೆದರ್ತೀನಾ? ಹುಡುಗಿ ಓದ್ಲಿ ಬಿಡು. ಎಲ್ಡು ವರ್ಸ ತಾನೇ."

ಹೊಸದುರ್ಗದಲ್ಲೇ ಒಂದು ರೂಮು ಮಾಡಬಹುದಿತ್ತಲ್ಲ ಎಂದು ದರ್ಶನ ಕೇಳಬಹುದು. ನಾನೂ ತಾತನನ್ನು ಕೇಳಿದ್ದೆ. "ಕುರಿನ ರೂಮ್ನಾಗೆ ಕಟ್ಟಲಾ?" ಎಂದಿದ್ದರು. ಅಲ್ಲಿಗೆ ಆ ಮಾತು ಮುಗಿದಿತ್ತು.

ಅಂದು ನಾವು ಬಸ್ ಚಾರ್ಜು ಲೆಕ್ಕ ಹಾಕಿದೆವು, ನಿದ್ದೆ ಎಷ್ಟು ಕಡಿಮೆಯಾಗುತ್ತದೆ ಎಂದು ಎಣಿಸಿದೆವು, ಮುದ್ದೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡೆವು. ನಮಗೆ ತಿಳಿದದ್ದು ಅಷ್ಟೇ.

ಬಸ್ಸಿನ ವಿಷಯ ಹೇಳುತ್ತೇನೆ, ಕಾವ್ಯಾ, ಇದನ್ನು ಯಾರೂ ನಿನಗೆ ಹೇಳುವುದಿಲ್ಲ. ಹೆಂಗಸಿಗೆ ದೂರದ ಓಡಾಟ ಎಂದರೆ ಮೊದಲು ನೀರು ಬಿಡುವುದು. ಬೆಳಿಗ್ಗೆ ನೀರು ಕುಡಿದರೆ ಹೊಳಲ್ಕೆರೆ ಮುಟ್ಟುವಷ್ಟರಲ್ಲಿ ಜೀವ ಹೋಗುತ್ತಿತ್ತು. ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಹೋದರೆ ಮುಂದಿನ ಬಸ್ಸು ತಪ್ಪುತ್ತದೆ. ಅದಕ್ಕೆ ನಾನು ನೀರು ಕುಡಿಯುವುದನ್ನೇ ಬಿಟ್ಟೆ. ಆರು ತಿಂಗಳಲ್ಲಿ ಉರಿಮೂತ್ರ, ಸೊಂಟನೋವು. ಹಳ್ಳಿಗಳಲ್ಲಿ ಜನರಿಗೆ "ನೀರು ಚೆನ್ನಾಗಿ ಕುಡೀರಿ" ಎಂದು ಹೇಳುತ್ತಿದ್ದವಳು ನಾನೇ.

ಮೇಲಿನವರು ಒಬ್ಬ ಸೂಪರ್‌ವೈಸರು. ರುದ್ರಪ್ಪ ಎಂದು ಹೆಸರು. ಮೀಸೆಯಲ್ಲಿ ನಗು ಕಾಣುತ್ತಿರಲಿಲ್ಲ. ಒಮ್ಮೆ ದುರ್ಗದ ಬಸ್ಸು ದಾರಿಯಲ್ಲೇ ಕೆಟ್ಟು ನಿಂತು ನಾನು ತಡವಾಗಿ ಹೋದೆ. "ಬಸ್ಸು ಲೇಟಾದ್ರೆ ಟೀಬಿ ಕಾಯ್ಕಂಡು ಕೂತಿರ್ತೈತೇನ್ರಿ ಸಿಸ್ಟರ್?" ಎಂದು ಅರ್ಧ ದಿನ ಕತ್ತರಿಸಿದರು. ಬೈದದ್ದಕ್ಕೆ ಅತ್ತೆ. ಆದರೆ ಕೆಲಸ ಕಲಿಸಿದವರೂ ಅವರೇ.

ಹಿಂದೆ ಕ್ಷಯ ಎಂದರೆ ತಿಂಗಳ ಮಾತ್ರೆ ಒಟ್ಟಿಗೆ ಕೊಟ್ಟು ಕಳಿಸುತ್ತಿದ್ದರು. ರೋಗಿ ಎರಡು ವಾರ ನುಂಗಿ, ಕೆಮ್ಮು ನಿಂತರೆ ಬಿಟ್ಟುಬಿಡುತ್ತಿದ್ದ. ಅರ್ಧಕ್ಕೆ ಬಿಟ್ಟರೆ ರೋಗ ಮೊದಲಿಗಿಂತ ಗಟ್ಟಿಯಾಗಿ ಮರಳಿ ಬರುತ್ತದೆ. ಹೊಸ ಪದ್ಧತಿಯಲ್ಲಿ ಒಬ್ಬೊಬ್ಬರ ಹೆಸರಿಗೂ ಒಂದು ಡಬ್ಬಿ, ಒಂದು ಕಾರ್ಡು. ವಾರಕ್ಕೆ ಮೂರು ದಿನ ಮಾತ್ರೆ. ಅದನ್ನು ನಮ್ಮ ಕಣ್ಣೆದುರಿಗೇ ನುಂಗಬೇಕು, ಆಮೇಲೆ ಕಾರ್ಡಿನ ಆ ದಿನದ ಚೌಕದಲ್ಲಿ ಟಿಕ್ ಹಾಕಬೇಕು. ಮನೆಯವರು ಕೊಡುವಂತಿಲ್ಲ. ಹೊರಗಿನವರೇ ಕೊಡಬೇಕು. ಮನೆಯವರಿಗೆ ಮರುಕ ಹೆಚ್ಚು, ಒತ್ತಾಯ ಕಡಿಮೆ ಎಂದು ರುದ್ರಪ್ಪನವರು ಹೇಳುತ್ತಿದ್ದರು.

ಹೊಸದುರ್ಗದ ಆಚೆಯ ಒಂದು ಹಳ್ಳಿಯಲ್ಲಿ ಕೆಂಚಪ್ಪ ಎಂಬ ಮುದುಕನಿದ್ದ. ಮಾತ್ರೆ ಬಾಯಿಗೆ ಹಾಕಿ, ನೀರು ಗಟಗಟ ಕುಡಿದು, ತಲೆಯಾಡಿಸಿ ಕಳಿಸುತ್ತಿದ್ದ. ನಾನು ಬೀದಿ ತಿರುಗಿದ ಮೇಲೆ ಉಗಿಯುತ್ತಿದ್ದ. ಅವನ ಸೊಸೆ ತೋರಿಸಿಕೊಟ್ಟಳು. ಮುಂದಿನ ಸಲ ಅವನು ನೀರು ಕುಡಿದ ಕೂಡಲೇ ಕೇಳಿದೆ:

"ಯಜಮಾನ್ರೆ, ನಿಮ್ಮ ಮನೆದೇವ್ರು ಯಾವುದು?"

ಮುದುಕ ಕಣ್ಣು ಬಿಟ್ಟ. ದೇವರ ಹೆಸರು ಹೇಳದಿದ್ದರೆ ತಪ್ಪು, ಹೇಳಿದರೆ ದವಡೆಯ ಮಾತ್ರೆ ಬೀಳುತ್ತದೆ. ಗುಟುಕರಿಸಿ ನುಂಗಿದ. ಆಮೇಲೆ ದೇವರ ಹೆಸರು ಹೇಳಿ, "ಥೂ, ಪೋಲೀಸ್ನೋರ್ಗಿಂತ ಜೋರು ನೀನು" ಎಂದ. ಅಂದಿನಿಂದ ಪ್ರತಿ ಸಲ ನಾನು ಕೇಳುವ ಮುಂಚೆಯೇ ಬಾಯಿ ಅಗಲಿಸಿ ತೋರಿಸುತ್ತಿದ್ದ. ವಾಸಿಯಾದ. ಇನ್ನೊಂದು ಉಪಾಯವೂ ಇತ್ತು. ಆ ಕೆಂಪು ಮಾತ್ರೆ ನುಂಗಿದರೆ ಮೂತ್ರ ಕೆಂಪಗೆ ಹೋಗುತ್ತದೆ. ಅನುಮಾನ ಬಂದವರ ಮನೆಯಲ್ಲಿ ಹೆಂಡತಿಯನ್ನು ಗುಟ್ಟಾಗಿ ಕೇಳುತ್ತಿದ್ದೆ. ಮೂರು ವಾರ ಮೀರಿದ ಕೆಮ್ಮು ಯಾರಿಗಿದೆ ಎಂದು ಬಾಗಿಲು ಬಾಗಿಲಿಗೆ ಹೋಗಿ ಕೇಳುತ್ತಿದ್ದೆ.

ನನ್ನ ಮನೆಯ ಕೆಮ್ಮು ನನಗೆ ಕೇಳಿಸಲಿಲ್ಲ. ಮನೆಗೆ ಬಂದು, ಉಳಿದದ್ದನ್ನು ಉಂಡು, ತಲೆ ಇಟ್ಟರೆ ಹೆಣದ ಹಾಗೆ ನಿದ್ದೆ. ಹಾಸ್ಟೆಲಿನಿಂದ ಭಾನುವಾರ ಬಂದ ನಿಮ್ಮಮ್ಮ ಹೇಳಿದಳು: "ಅವ್ವಾ, ಅಪ್ಪ ಎಷ್ಟು ಸಣ್ಣಗಾಗ್ಯಾನೆ, ಕೆಮ್ಮು ಹೆಂಗೈತೆ, ನೀನು ನೋಡೇ ಇಲ್ವಾ?"

ದುರ್ಗಕ್ಕೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದೆ. ರೋಗ ಇತ್ತು. ಹೊಸದುರ್ಗದ ನಮ್ಮ ಲೆಕ್ಕಕ್ಕೇ ಸೇರಿಸಿಕೊಂಡು ಕಾರ್ಡು ನಾನೇ ಬರೆದೆ. ಮದುವೆಯಾಗಿ ಅಷ್ಟು ವರ್ಷ ನಾನು ನಿಮ್ಮ ತಾತನ ಹೆಸರನ್ನು ಬಾಯಲ್ಲಿ ಹೇಳಿದವಳಲ್ಲ, ಕೈಯಲ್ಲಿ ಬರೆದವಳೂ ಅಲ್ಲ. ಮೊದಲ ಸಲ ಬರೆದದ್ದು ಆ ಕಾರ್ಡಿನ ಮೇಲೆ.

ಡಬ್ಬಿ ಯಾರ ಹತ್ತಿರ ಇಡುವುದು? ನಮ್ಮ ಬೀದಿಯ ಅಂಗನವಾಡಿ ಟೀಚರು ಲಕ್ಷ್ಮಕ್ಕನಿಗೆ ಮಾತ್ರ ಹೇಳಿದ್ದೆ. ಅವಳು ಒಂದೇ ಮಾತಿನಲ್ಲಿ ಒಪ್ಪಿದಳು.

"ನಿಂಗಕ್ಕ, ಡಬ್ಬಿ ನನ್ನತ್ರ ಇರ್ಲಿ. ಅಣ್ಣ ಕುರಿ ಹೊಡ್ಕಂಡು ನಮ್ಮ ಬಾಗ್ಲಾಗೇ ಹೋಗ್ತಾನೆ. ರೊಟ್ಟಿ ತಿಂದ್ಕಂಡು ಬಂದು, ಎಲ್ಡು ನಿಮಿಷ ನಿಂತು ನುಂಗಿ ಹೋಗ್ಲಿ."

ತಾತ ಒಪ್ಪಲಿಲ್ಲ. "ಊರೆಲ್ಲಾ ನೋಡ್ತೈತೆ. ಸಾವಿತ್ರಿನ ನೋಡಾಕೆ ಬರೋರು ಮೊದ್ಲು ಕೇಳೋದೇ ಮನ್ಯಾಗೆ ಯಾರಿಗೇನು ರೋಗ ಐತೆ ಅಂತ. ನೀನೇ ಕೊಡು. ಊರಿಗೆಲ್ಲಾ ಕೊಡ್ತೀಯ, ನಂಗೆ ಕೊಡಾಕಾಗಲ್ವ?"

ನಾನು ರುದ್ರಪ್ಪನವರ ಮುಂದೆ ಹೋಗಿ, ನೆಲ ನೋಡುತ್ತಾ, ಡಬ್ಬಿ ನಾನೇ ಇಟ್ಟುಕೊಳ್ಳುತ್ತೇನೆ ಎಂದೆ. ಅವರು ಕಾರ್ಡನ್ನು ತಮ್ಮ ಕಡೆಗೆ ಎಳೆದುಕೊಂಡರು. "ನೀವು ಇಲಾಖೆಯೋರು ಅಂತ ಸಹಿ ಹಾಕ್ತೀನಿ. ಹೆಂಡ್ತಿ ಅಂತ ಅಲ್ಲ. ತಿಳೀತಾ?" ಎಂದು ಸಹಿ ಮಾಡಿದರು.

ಮೊದಲ ವಾರ ನಾನೇ ಎಬ್ಬಿಸಿ ಕೊಟ್ಟೆ. ಬೆಳಗಿನ ನಾಲ್ಕೂವರೆಗೆ, ಬರೀ ಹೊಟ್ಟೆಗೆ ಏಳು ಮಾತ್ರೆ. ನಾನು ಸೆರಗು ಸಿಕ್ಕಿಸಿಕೊಂಡು ಹೊರಡುವಷ್ಟರಲ್ಲಿ ಬಚ್ಚಲಲ್ಲಿ ಕುಳಿತು ಕಕ್ಕುತ್ತಿದ್ದರು. ಮೂರನೇ ಸಲ ಅವರೇ ಹೇಳಿದರು: "ಲೇ, ಮುಚ್ಚಳದಾಗೆ ಇಟ್ಟು ಹೋಗು. ಹೊತ್ತೇರಿದ ಮೇಲೆ ರೊಟ್ಟಿ ತಿಂದು ನುಂಗ್ತೀನಿ. ನಿನ್ನ ಬಸ್ಸು ಹೋಗ್ತೈತೆ ನೋಡು."

ಬಸ್ಸು ತಪ್ಪಿದರೆ ಅರ್ಧ ದಿನದ ಸಂಬಳ. ಸ್ಟೀಲಿನ ಮುಚ್ಚಳದಲ್ಲಿ ಮಾತ್ರೆ ಇಟ್ಟು ಹೋದೆ. ಸಂಜೆ ಬಂದಾಗ ಮುಚ್ಚಳ ಖಾಲಿ ಇತ್ತು. ಟಿಕ್ ಹಾಕಿದೆ. ಆಮೇಲೆ ಅದೇ ರೂಢಿಯಾಯಿತು. ಸಂಜೆ ಬರುವುದು ತಡವಾದೀತೆಂದು, ಕೊನೆಗೆ ಬೆಳಿಗ್ಗೆ ಮಾತ್ರೆ ಇಡುವಾಗಲೇ ಟಿಕ್ ಹಾಕಿ ಹೋಗತೊಡಗಿದೆ.

ಭಾನುವಾರವಾದರೂ ಕೇಳಬಹುದಿತ್ತು. ಮೂತ್ರದ ಬಣ್ಣ ಏನು, ಬಾಯಿ ತೆಗೀರಿ ನೋಡೋಣ. ಊರ ಗಂಡಸರ ಬಾಯಿ ತೆರೆಸಿದವಳು ಮನೆಯ ಗಂಡನಿಗೆ ಹಾಗೆ ಹೇಳಲು ನಾಚಿದೆ. ನಂಬಿಕೆ ಇಲ್ಲವೇ ಎಂದು ಅವರು ನೊಂದುಕೊಂಡಾರು ಎಂದೂ ಅನ್ನಿಸಿತು.

ಮೊದಲೊಂದಿಷ್ಟು ದಿನ ಅವರು ನುಂಗಿದ್ದು ನಿಜವಿರಬೇಕು. ಎರಡು ತಿಂಗಳಿಗೆ ಕಫದಲ್ಲಿ ಏನೂ ಕಾಣಲಿಲ್ಲ. ಮೈಗೆ ಸ್ವಲ್ಪ ಹಿಡಿಯಿತು. ನಾನು ದುರ್ಗದಿಂದ ಜಿಲೇಬಿ ತಂದೆ. "ನೋಡ್ದಾ, ನಿಮ್ಮವ್ವನ ಮಾತ್ರೆ!" ಎಂದು ತಾತ ನಿಮ್ಮಮ್ಮನಿಗೆ ತೋಳು ತೋರಿಸಿದರು. ಅದಾಗಿ ನಾಲ್ಕು ತಿಂಗಳು ಕಳೆದು, ಕಾರ್ಡಿನ ಚೌಕಗಳೆಲ್ಲ ಭರ್ತಿಯಾಗುವ ಹೊತ್ತಿಗೆ, ಒಂದು ದಿನ ಕೆಮ್ಮಿದ ಮೇಲೆ ಟವೆಲ್ಲಿನಲ್ಲಿ ರಕ್ತ ಬಂತು.

ಮರುದಿನ ನಾನು ರಜೆ ಹಾಕಿದೆ. ಕುರಿ ಹಟ್ಟಿ ಗುಡಿಸಲು ಹೋದೆ, ಅವರಿಗೆ ಬಗ್ಗಲು ಆಗುತ್ತಿರಲಿಲ್ಲ. ಹಟ್ಟಿಯ ಗೂಟಕ್ಕೆ ಒಂದು ತಗಡಿನ ಡಬ್ಬಿ ನೇತುಹಾಕಿದ್ದರು, ಕುರಿಯ ಗಾಯಕ್ಕೆ ಹಚ್ಚುವ ಬೇವಿನೆಣ್ಣೆ ಇಡುವುದಕ್ಕೆ. ಎಣ್ಣೆ ಇದೆಯೇ ಎಂದು ಮುಚ್ಚಳ ತೆಗೆದೆ. ಒಳಗೆ ಮಾತ್ರೆ. ಬಿಳಿಯವು, ಕೆಂಪಿನವು, ಸೆಕೆಗೆ ಒಂದಕ್ಕೊಂದು ಅಂಟಿಕೊಂಡು, ಕೆಂಪು ಬಣ್ಣ ಬಿಟ್ಟು, ಕಂಠದವರೆಗೆ ತುಂಬಿದ್ದವು.

ಡಬ್ಬಿ ತಂದು ಅವರ ಮುಂದೆ ಇಟ್ಟೆ. ಅವರೇ ಮಾತಾಡಿದರು.

"ಬಿಸಾಕಾಕೆ ಮನಸು ಬರ್ಲಿಲ್ಲ. ಬೆಲೆ ಬಾಳೋ ಮಾತ್ರೆ ಅಂತ ನೀನೇ ಅಂದಿದ್ದೆ."

"ಯಾಕ್ರಿ ಹಿಂಗ್ ಮಾಡಿದ್ರಿ?"

"ನುಂಗಿದ್ರೆ ತಲೆ ತಿರುಗಿ ಬೀಳ್ತಿದ್ದೆ. ರೊಟ್ಟಿ ತಿಂದ್ರೂ ಅಷ್ಟೇ. ಒಂದಿನ ಗುಡ್ಡದಾಗೆ ಬಿದ್ದು ಎದ್ದಾಗ ಕುರಿ ಎತ್ಲಾಗೋ ಹೋಗಿದ್ವು. ಮೈಯೂ ಹಗುರಾಗಿತ್ತು, ಸಾಕು ಬಿಡು ಅನ್ನಿಸ್ತು."

"ನಂಗೆ ಹೇಳ್ಬಾರ್ದಾಗಿತ್ತಾ?"

"ಹೇಳಿದ್ರೆ ನೀನು ಕೆಲ್ಸ ಬಿಟ್ಟು ಮನ್ಯಾಗೆ ಕುಂತ್ಕಂತಿದ್ದೆ. ಹುಡುಗಿದು ಇನ್ನೂ ಒಂದು ವರ್ಸ ಐತಲ್ಲೇ."

ನಾನು ಮಾರನೆಯ ದಿನ ಕಾರ್ಡು, ಡಬ್ಬಿ ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಅದೇ ಮೂರು ಬಸ್ಸು ಹತ್ತಿ ಹೊಸದುರ್ಗಕ್ಕೆ ಹೋದೆ. ರುದ್ರಪ್ಪನವರ ಮೇಜಿನ ಮೇಲೆ ಇಟ್ಟು, "ಸಾರ್, ಈ ಟಿಕ್ ಎಲ್ಲಾ ಸುಳ್ಳು" ಎಂದೆ. ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಡಬ್ಬಿ ಅಲ್ಲಾಡಿಸಿ ನೋಡಿದರು. ಕನ್ನಡಕ ತೆಗೆದು ಒರೆಸಿದರು.

"ಸಹಿ ನನ್ದೂ ಐತಲ್ಲ ಸಿಸ್ಟರ್," ಎಂದರು. ರಿಜಿಸ್ಟರಿನಲ್ಲಿ ರೋಗಿ ಮಾತ್ರೆ ಬಿಟ್ಟಿದ್ದಾನೆ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದರು. ಹಾಗೆ ಬರೆದರೆ ಮಾತ್ರ ಎರಡನೇ ಸಲದ ಗಟ್ಟಿ ಔಷಧಿ ಸಿಗುತ್ತಿತ್ತು. ಮೇಲಿನವರಿಂದ ಅವರಿಗೂ ನೋಟೀಸು ಬಂತೆಂದು ಆಮೇಲೆ ತಿಳಿಯಿತು. ನನಗೆ ಅವರು ಅದನ್ನು ಹೇಳಲೇ ಇಲ್ಲ. ಹಳೆಯ ಕಾರ್ಡು ನನ್ನ ಕೈಗೆ ಕೊಟ್ಟು, "ಇದನ್ನು ಹರೀಬೇಡಿ" ಎಂದರು.

ಸಂಬಳವಿಲ್ಲದ ರಜೆಯ ಮೇಲೆ ಮನೆಯಲ್ಲಿ ಕುಳಿತೆ. ಕುರಿ ಮಾರಿದೆವು. ನಿಮ್ಮಮ್ಮನ ಕೊನೆಯ ಫೀಸು ಆ ಕುರಿಯ ದುಡ್ಡು. ಈ ಸಲ ತಾತ ತಾವಾಗಿಯೇ ಹಗಲು ಹೊತ್ತಿನಲ್ಲಿ, ಎಲ್ಲರ ಎದುರಿಗೆ, ಲಕ್ಷ್ಮಕ್ಕನ ಬಾಗಿಲಿಗೆ ನಡೆದು ಹೋಗಿ ಮಾತ್ರೆ ನುಂಗುತ್ತಿದ್ದರು, ಇಂಜೆಕ್ಷನ್ ನಾನೇ ಹಾಕುತ್ತಿದ್ದೆ. ಅಂಗನವಾಡಿ ಮಕ್ಕಳು "ಕುರಿ ತಾತ ಬಂದ" ಎಂದು ಕೂಗುತ್ತಿದ್ದವು. ಲಕ್ಷ್ಮಕ್ಕ ಬಾಯಿ ತೆಗೆಸುತ್ತಿದ್ದಳು. "ಆ ಅನ್ನಣ್ಣಾ, ಇನ್ನೂ ಜೋರಾಗಿ ಅನ್ನು." ಅವರು "ಆ" ಎನ್ನುತ್ತಿದ್ದರು. ಬಿಸಿಲಲ್ಲಿ ನಿಂತು ನೋಡುತ್ತಿದ್ದೆ. ಅಷ್ಟೇ ಕೆಲಸವಾಗಿತ್ತು ಅದು. ಎರಡು ನಿಮಿಷದ್ದು.

ಊರಿನಲ್ಲಿ ಒಬ್ಬರೂ ಏನೂ ಅನ್ನಲಿಲ್ಲ. ಅನ್ನುತ್ತಾರೆಂದು ನಾವು ಹೆದರಿದ್ದೆವು.

ಐದನೇ ತಿಂಗಳಿಗೆ ಅವರಿಗೆ ಲಕ್ಷ್ಮಕ್ಕನ ಬಾಗಿಲವರೆಗೆ ನಡೆಯಲೂ ಆಗಲಿಲ್ಲ. ಶ್ವಾಸಕೋಶದಲ್ಲಿ ಉಳಿದದ್ದೇ ಕಡಿಮೆ ಎಂದು ದುರ್ಗದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಒಂದು ಮಧ್ಯಾಹ್ನ ನಾನು ಮುದ್ದೆ ತಿರುವುತ್ತಿದ್ದೆ. "ಇವತ್ತು ಯಾವ ಬಸ್ಸಿಗೂ ಹೋಗ್ಲಿಲ್ವಾ?" ಎಂದು ಕೇಳಿದರು. ಇಲ್ಲ ಎಂದೆ. "ಚಲೋ ಆತು" ಎಂದರು. ನಾನು ತಟ್ಟೆ ತರುವಷ್ಟರಲ್ಲಿ ಹೋಗಿದ್ದರು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ತಿಥಿ ಮುಗಿದ ಮೇಲೆ ನಾನು ಮತ್ತೆ ಅದೇ ಬೆಳಗಿನ ಬಸ್ಸು ಹತ್ತಿದೆ. ನಿಮ್ಮಮ್ಮನ ಪರೀಕ್ಷೆ ಬಾಕಿ ಇತ್ತು, ಮನೆಯಲ್ಲಿ ಕುರಿಯೂ ಇರಲಿಲ್ಲ. ರುದ್ರಪ್ಪನವರು ನನ್ನ ಜಾಗಕ್ಕೆ ಯಾರನ್ನೂ ಹಾಕಿರಲಿಲ್ಲ. ಇನ್ನೂ ಏಳು ವರ್ಷ ಆ ದಾರಿಯಲ್ಲಿ ಓಡಾಡಿದೆ, ಗುತ್ತಿಗೆ ಕಾಗದ ನಿಲ್ಲುವವರೆಗೆ. ಆ ಏಳು ವರ್ಷದಲ್ಲಿ ಕಣ್ಣಾರೆ ನೋಡದೆ ಒಂದು ಟಿಕ್ ಹಾಕಲಿಲ್ಲ. ಬಸ್ಸು ತಪ್ಪಿದ ದಿನ ಚೌಕ ಖಾಲಿ ಬಿಟ್ಟೆ, ಬೈಸಿಕೊಂಡೆ. ಹೊಸದಾಗಿ ಸೇರಿದ ಹುಡುಗಿಯರು "ಈ ಸಿಸ್ಟರು ಬಾಳ ಕಟ್ಟುನಿಟ್ಟು" ಎಂದು ನನ್ನ ಹಿಂದೆ ಆಡಿಕೊಳ್ಳುತ್ತಿದ್ದರು.

ನಿಮ್ಮಮ್ಮ ಮೇಷ್ಟ್ರಾದಳು. ಮದುವೆಯಾಯಿತು, ನೀವು ಹುಟ್ಟಿದಿರಿ. ಹೊಸದುರ್ಗದ ಸಂಬಳ ಇಲ್ಲದಿದ್ದರೆ ಇದು ಆಗುತ್ತಿರಲಿಲ್ಲ. ಅದು ಸುಳ್ಳಲ್ಲ. ಆ ಸಂಬಳ ಬಾರದೆ, ನಾನು ಕೆರೆ ಏರಿ ಕಾಣುವ ಕಿಟಕಿಯ ಹತ್ತಿರವೇ ಉಳಿದಿದ್ದರೆ ಅವರು ಬದುಕುತ್ತಿದ್ದರು ಎನ್ನುವುದೂ ಸುಳ್ಳಲ್ಲ ಎಂದು ನನಗೆ ಅನ್ನಿಸುತ್ತದೆ. ಡಬ್ಬಿಯ ವಿಷಯ ನಿಮ್ಮಮ್ಮನಿಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೆ ರೋಗ ಮರುಕಳಿಸಿತು ಎಂದಷ್ಟೇ ತಿಳಿದಿದ್ದಾಳೆ. ತನ್ನ ಓದಿಗಾಗಿ ಎಂದು ಅವಳು ಕೊರಗಬಾರದೆಂದು ಹೇಳಿರಲಿಲ್ಲ. ಇದನ್ನು ಅವಳಿಗೆ ಓದಿ ಹೇಳುವುದೋ ಬಿಡುವುದೋ ನೀವೇ ನೋಡಿ.

ಹಿರಿಯೂರಿಗೆ ಹೋಗು ಎಂದೂ ನಾನು ಹೇಳಲಾರೆ, ಬೇಡ ಎಂದೂ ಹೇಳಲಾರೆ, ಕಾವ್ಯಾ. ದರ್ಶನ ಮೊಬೈಲಿನಲ್ಲಿ ಹಾಕಿದ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ನೀನು ಆ ಬಸ್ಸಿನಲ್ಲಿರುವಾಗ ಮನೆಯಲ್ಲಿ ಯಾರು ಯಾರಿರುತ್ತಾರೆ, ಅವರು ನಿನ್ನ ಕೆಲಸ ಉಳಿಯಲಿ ಎಂದು ನಿನ್ನಿಂದ ಏನನ್ನು ಮುಚ್ಚಿಡಬಹುದು ಎಂದು ಒಂದು ಸಲ ಯೋಚಿಸು. ಹೋದರೆ, ವಾರಕ್ಕೊಮ್ಮೆಯಾದರೂ ನಾಚದೆ ಕೇಳು. ನೀರು ಕುಡಿ.

ಈ ಹಾಳೆಗಳ ನಡುವೆ ತಾತನ ಹಳೆಯ ಕಾರ್ಡನ್ನು ಇಟ್ಟಿದ್ದೇನೆ. ಅಂಚು ಸವೆದಿದೆ, ಮೇಲಿನ ಹೆಸರು ನನ್ನ ಅಕ್ಷರ. ಒಂದು ಚೌಕವೂ ಖಾಲಿ ಇಲ್ಲ, ಅಷ್ಟು ಅಚ್ಚುಕಟ್ಟಾದ ಕಾರ್ಡು ಆ ವರ್ಷ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಕಾವ್ಯಾ, ನಿನ್ನ ಕೆಲಸದಲ್ಲಿ ಎಂದಾದರೂ ಇಂಥ ತುಂಬಿದ ಕಾರ್ಡು ಕೈಗೆ ಬಂದರೆ ಇದನ್ನು ತೆಗೆದು ಅದರ ಪಕ್ಕದಲ್ಲಿಟ್ಟು ನೋಡು. ಗೆದ್ದಲು ಹಿಡಿಯದ ಕಡೆ, ನಿಮ್ಮಮ್ಮನ ಟಿ.ಸಿ.ಎಚ್. ಸರ್ಟಿಫಿಕೇಟು ಇರುವ ಟ್ರಂಕಿನಲ್ಲಿ, ಅದರ ಜೊತೆಗೇ ಈ ಹಾಳೆಗಳನ್ನೂ ಕಾರ್ಡನ್ನೂ ಜೋಪಾನವಾಗಿಡಿ.